ಚೀಟಿ ಅಂಟಿಸುತ್ತಿದ್ದ ಮಿಂಚೊ

ಈಗ ಹನ್ನೊಂದು ಗಂಟೆ. ನನ್ನ ಗಂಡ ಮಿಂಚೊ ಸತ್ತು ಇವತ್ತಿಗೆ ನಲವತ್ತು ದಿನ. ಊರಿನವರೆಲ್ಲ ಗುಡ್ಡದ ಮೇಲಿನ ಸ್ಮಶಾನದಲ್ಲಿ ಅವನ ಗೋರಿಯ ಸುತ್ತ ನಿಂತಿದ್ದಾರೆ. ಪಾದ್ರಿ ಮಣ್ಣಿನ ಮೇಲೆ ವೈನು ಸುರಿಯುತ್ತಿರಬೇಕು. ನಿನ್ನೆ ನಾನು ಬೇಯಿಸಿ ಸಕ್ಕರೆ ಬೆರೆಸಿಟ್ಟ ಗೋಧಿಯನ್ನು ಮಗಳು ಸ್ನೆಜಾ ಸಣ್ಣ ಲೋಟಗಳಲ್ಲಿ ಹಂಚುತ್ತಿರಬೇಕು. ನಾನೊಬ್ಬಳು ಹೋಗಿಲ್ಲ. ಅಂಗಳದಲ್ಲಿ ಗೇಟಿಗೆ ಎದುರಾಗಿ ಕುರ್ಚಿ ಹಾಕಿಕೊಂಡು, ಸೌದೆ ಒಡೆಯುವ ಕೊಡಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ. ನಲವತ್ತಾರು ವರ್ಷ ಸಂಸಾರ ಮಾಡಿದವಳು ಗಂಡನ ನಲವತ್ತಕ್ಕೂ ಹೋಗಲಿಲ್ಲ ಎಂದು ಊರು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಆಡಿಕೊಂಡು ಆಡಿಕೊಂಡೇ ಅವನನ್ನು ಅಲ್ಲಿಗೆ ಕಳಿಸಿದ್ದು ಈ ಊರು.

ಮಿಂಚೊ ನಮ್ಮ ಊರಿನ ಸಾವಿನ ಚೀಟಿಯವನು. ನಮ್ಮಲ್ಲಿ ಯಾರಾದರೂ ಸತ್ತರೆ ಅವರ ಫೋಟೋ, ಹೆಸರು, ವಯಸ್ಸು, ಮಣ್ಣು ಮಾಡುವ ಹೊತ್ತು, ದುಃಖದಲ್ಲಿರುವವರ ಹೆಸರುಗಳು, ಇಷ್ಟನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಮನೆಯ ಗೇಟಿಗೆ, ಬಸ್ ನಿಲ್ದಾಣಕ್ಕೆ, ಬ್ರೆಡ್ಡಿನ ಅಂಗಡಿಯ ಗೋಡೆಗೆ ಅಂಟಿಸಬೇಕು. ನಲವತ್ತನೆಯ ದಿನಕ್ಕೆ ಇನ್ನೊಂದು, ಆರು ತಿಂಗಳಿಗೆ ಇನ್ನೊಂದು, ವರ್ಷಕ್ಕೆ ಮತ್ತೊಂದು. ಬಲ್ಗೇರಿಯದಲ್ಲಿ ಚೀಟಿ ಇಲ್ಲದ ಬೀದಿಯನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ. ನಮ್ಮ ಊರಿನಲ್ಲಂತೂ ದುಡಿಯುವ ವಯಸ್ಸಿನವರಲ್ಲಿ ಅರ್ಧದಷ್ಟು ಜನ ಸ್ಪೇನು, ಜರ್ಮನಿ ಸೇರಿದ್ದಾರೆ. ಹಾಗಾಗಿ ಗೇಟುಗಳ ಮೇಲಿನ ಮುಖಗಳೇ ಬೀದಿಯಲ್ಲಿ ಓಡಾಡುವ ಮುಖಗಳಿಗಿಂತ ಹೆಚ್ಚು.

ಮಿಂಚೊ ಮೊದಲು ಸರ್ಕಾರಿ ಅಚ್ಚುಕೂಟದಲ್ಲಿ ಅಕ್ಷರ ಜೋಡಿಸುತ್ತಿದ್ದ. ಆ ದಿನಗಳಲ್ಲೇ ನನ್ನನ್ನು ನೋಡಲು ನಮ್ಮ ಮನೆಗೆ ಬಂದದ್ದು. ಕೈಯಲ್ಲಿ ಆರು ಕಾರ್ನೇಶನ್ ಹೂವು! ಜೋಡಿ ಲೆಕ್ಕದ ಹೂವನ್ನು ಸತ್ತವರಿಗೆ ಒಯ್ಯುತ್ತಾರೆ, ಬದುಕಿದವರಿಗೆ ಬೆಸ. ಮೂರು ವರ್ಷದ ಮಗುವಿಗೂ ಗೊತ್ತಿರುವ ಸಂಗತಿ. ನಮ್ಮಮ್ಮ ಬಾಗಿಲಲ್ಲೇ ತಡೆದು, "ನಮ್ಮನೇಲಿ ಯಾರು ಸತ್ತಿದಾರಪ್ಪ?" ಎಂದು ಕೇಳಿದಳು. ಇವನು ಕೆಂಪಗಾಗಿ ಒಂದು ಹೂವು ಕಿತ್ತು ಅವಳ ಕೈಗೇ ಕೊಟ್ಟ. "ಇದು ನಿಮಗೆ ಅಂತ ತಂದಿದ್ದು, ಉಳಿದ ಐದು ಅವಳಿಗೆ." ಅಮ್ಮ ನಕ್ಕುಬಿಟ್ಟಳು. ಅವಳು ನಗದೇ ಇದ್ದಿದ್ದರೆ ನಾನಿವತ್ತು ಈ ಕುರ್ಚಿಯ ಮೇಲೆ ಕೂತಿರುತ್ತಿರಲಿಲ್ಲ.

ಕಮ್ಯುನಿಸ್ಟರ ಆಳ್ವಿಕೆ ಹೋಗಿ ಅಚ್ಚುಕೂಟ ಮುಚ್ಚಿದಾಗ ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತರು. ಇವನು ಒಂದು ಹಳೆಯ ಕಂಪ್ಯೂಟರು ತಂದು, ಚೌಕದ ಮೂಲೆಯಲ್ಲಿ ಅಂಗಡಿ ಹಾಕಿ, ಸಾವಿನ ಚೀಟಿ ಶುರು ಮಾಡಿದ. ಎಷ್ಟೋ ಊರಲ್ಲಿ ಚೀಟಿ ಅಚ್ಚು ಹಾಕಿ ಮನೆಯವರ ಕೈಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಮಿಂಚೊ ತಾನೇ ಹೋಗಿ ಅಂಟಿಸುತ್ತಿದ್ದ. ಮೊದಲು ಬಟ್ಟೆಯಿಂದ ಗೇಟು ಒರೆಸಬೇಕು, ಹಳೆಯ ಚೀಟಿ ಇದ್ದರೆ ಚೂರಿಯಿಂದ ಕೆರೆದು ತೆಗೆಯಬೇಕು, ಮರದ ಬಾಗಿಲಿಗೆ ಮೊಳೆ ಹೊಡೆಯಕೂಡದು. ಚೀಟಿಗೂ ಒಂದು ಆಯುಸ್ಸಿದೆ ಎನ್ನುತ್ತಿದ್ದ. ನಲವತ್ತು ದಿನದ ಬಿಸಿಲು ಮಳೆಗೆ ಮುಖ ಮಾಸಬೇಕು, ಅಷ್ಟು ಹೊತ್ತಿಗೆ ಹೊಸ ಚೀಟಿ ಬರಬೇಕು. ಮುಖ ಪೂರ್ತಿ ಅಳಿಸಿಹೋದ ಚೀಟಿ ಗೇಟಿನ ಮೇಲೆ ಉಳಿದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಹೀಗೆ ಮೂವತ್ತು ವರ್ಷ ಅಂಟಿಸಿದ. ಒಬ್ಬರೂ ಕರೆದು ಒಂದು ಒಳ್ಳೆಯ ಮಾತು ಆಡಲಿಲ್ಲ. ಸಾವಿನ ಮನೆಯವರಿಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ? ದಾರಿಯಲ್ಲಿ ಎದುರಾದರೆ ಕೆಲವರು ಮುಖ ತಿರುಗಿಸುತ್ತಿದ್ದರು, ಅಪಶಕುನ ಎಂದು.

ಎರಡು ವರ್ಷದ ಹಿಂದೆ ಸ್ನೆಜಾ ಅವನ ಮೊಬೈಲಿನಲ್ಲಿ ಒಂದು ಪುಟ ತೆರೆದುಕೊಟ್ಟಳು. ಬ್ರೆಡ್ಡಿನ ಅಂಗಡಿಯಲ್ಲಿ ಕೆಲಸ ಮಾಡುವ ಅವಳಿಗೆ ಹೊರದೇಶದಲ್ಲಿರುವವರ ಫೋನು ನಿಲ್ಲುತ್ತಿರಲಿಲ್ಲ. ಯಾರು ಹೋದರಂತೆ, ಯಾವತ್ತು ಮಣ್ಣಂತೆ ಎಂದು ಕೇಳುವುದು. ಚೀಟಿಗಳನ್ನು ಜಾಲತಾಣಕ್ಕೆ ಹಾಕಿದರೆ ಎಲ್ಲರೂ ನೋಡಿಕೊಳ್ಳುತ್ತಾರಲ್ಲ ಎಂದಳು. ಮಿಂಚೊ ಮೊದಲ ಚೀಟಿ ಹಾಕಿದ, ಶಾಲೆಯ ಹಳೆಯ ಅಡುಗೆಯವಳದ್ದು. ಸಂಜೆಯೊಳಗೆ ಮುನ್ನೂರು ಜನ ಹೃದಯದ ಗುರುತು ಒತ್ತಿದ್ದರು. ವಲೆನ್ಸಿಯಾದಿಂದ ಒಬ್ಬಳು ಬರೆದಿದ್ದಳು, ಮಿಂಚೊ ಅಣ್ಣ, ನಿಮ್ಮ ಕೈಗೆ ಮುತ್ತಿಡಬೇಕು ಅಂತ. ಅವನು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಅದನ್ನು ಮೂರು ಸಲ ಓದಿದ. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಎಪ್ಪತ್ತರ ಹತ್ತಿರ ಬಂದ ಮೇಲೆ ನನ್ನ ಗಂಡನಿಗೆ ಪ್ರೇಮಪತ್ರ ಬಂತು ಎಂದು ಡೋಂಕಾಳಿಗೂ ಹೇಳಿದೆ.

ಡೋಂಕಾ ನಮ್ಮ ಎದುರು ಮನೆಯವಳು. ನನಗೆ ಅಕ್ಕತಂಗಿಯರಿಲ್ಲ, ಇದ್ದದ್ದು ಇವಳೇ. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಇಬ್ಬರೂ ಅವಳ ಅಂಗಳದಲ್ಲಿ ಕೂತು ಕೆಂಪು ದಪ್ಪಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಚಳಿಗಾಲಕ್ಕೆ ಬಾಟಲಿ ತುಂಬುತ್ತಿದ್ದೆವು. ಅವಳ ಗಂಡ ಪ್ರೊದಾನ್ ಮಿಂಚೊನ ಜೊತೆ ಓದಿದವನು, ಮಗ ರುಮೆನ್ ಬಸ್ಸು ಓಡಿಸುತ್ತಾನೆ. ನಮ್ಮ ಎರಡು ಗೇಟಿನ ನಡುವೆ ಹನ್ನೆರಡು ಹೆಜ್ಜೆ.

ಮಿಂಚೊ ಬರೀ ಚೀಟಿ ಹಾಕುವುದರಲ್ಲಿ ನಿಲ್ಲಲಿಲ್ಲ. ಹೊರದೇಶದವರಿಗೆ ಊರಿನ ಗೇಟಿನ ಮುಂದೆ ನಿಂತಂತೆಯೇ ಆಗಬೇಕು ಎಂದು, ಚೀಟಿ ಅಂಟಿಸಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಗೇಟು, ಮನೆ ನಂಬರು, ದ್ರಾಕ್ಷಿ ಚಪ್ಪರ, ಕಿಟಕಿ ಎಲ್ಲ ಬರುವಂತೆ ಫೋಟೋ ತೆಗೆದು ಹಾಕತೊಡಗಿದ. ಕೆಳಗೆ ನಾಲ್ಕು ಸಾಲು ಬರೆಯುತ್ತಿದ್ದ. ಮನೆಗೆ ಈಗ ಬೀಗ, ವಾಲ್‌ನಟ್ ಮರ ಈ ಸಲವೂ ಫಲ ಬಿಟ್ಟಿದೆ, ನಾಯಿಯನ್ನು ಪಕ್ಕದ ಮನೆಯವರು ಸಾಕಿಕೊಂಡಿದ್ದಾರೆ, ಇಂಥವು. ಅವರು ಅಲ್ಲಿ ಓದಿ ಅಳುತ್ತಿದ್ದರು, ಇವನು ಇಲ್ಲಿ ಅವರು ಅತ್ತದ್ದನ್ನು ಓದಿ ಅಳುತ್ತಿದ್ದ. ಬೀಗ ಹಾಕಿದ ಮನೆಗಳಲ್ಲಿ ಒಂದೆರಡು ಕಡೆ ಕಳ್ಳತನವಾಯಿತು. ಯಾರೂ ಇಲ್ಲದ ಮನೆ, ಆಗುವುದೇ ಎಂದುಕೊಂಡೆವು. ದೇವರಾಣೆಗೂ ನಮ್ಮ ತಲೆಗೆ ಇನ್ನೇನೂ ಹೊಳೆಯಲಿಲ್ಲ. ಯಾರು ಸತ್ತರು, ಎಷ್ಟು ಹೊತ್ತಿಗೆ ಮಣ್ಣು ಎಂಬ ಇದೇ ಮಾತನ್ನು ಮೂವತ್ತು ವರ್ಷ ಗೇಟಿನ ಮೇಲೆ ಬರೆದು ಅಂಟಿಸಿದ್ದೆವು. ಒಂದು ಚಮಚವೂ ಹೋಗಿರಲಿಲ್ಲ.

ಹೋದ ಆಗಸ್ಟಿನಲ್ಲಿ ಪ್ರೊದಾನ್ ತೀರಿಕೊಂಡ. ನಲವತ್ತನೆಯ ದಿನದ ಚೀಟಿಯನ್ನು ಮಿಂಚೊ ಎರಡು ದಿನ ಕೂತು ಮಾಡಿದ. ಶನಿವಾರ ಹನ್ನೊಂದಕ್ಕೆ ಗೋರಿಯ ಬಳಿ, ಆಮೇಲೆ ಚೌಕದ ಹೋಟೆಲಿನಲ್ಲಿ ಊಟ. ಡೋಂಕಾಳ ಗೇಟಿನ ಫೋಟೋ ತೆಗೆದು ಪುಟಕ್ಕೆ ಹಾಕಿದ. ಬಹಳ ಜನ ಬರೆದರು. ಅವರಲ್ಲಿ ಪ್ರೊದಾನ್‌ನ ತಂಗಿಯ ಮಗ ಕ್ರಾಸಿಯೂ ಇದ್ದ, ಜರ್ಮನಿಯಲ್ಲಿರುವವನು. "ಮಿಂಚೊ ಚಿಕ್ಕಪ್ಪ, ಅತ್ತೆ ಈಗಲೂ ಕೀಲಿಕೈ ಹೂಕುಂಡದ ಕೆಳಗೇ ಇಡ್ತಾರಾ? ಚಿಕ್ಕೋನಿದ್ದಾಗ ನಾನೇ ತೆಗೀತಿದ್ದೆ."

ಮಿಂಚೊನ ಕಣ್ಣು ತುಂಬಿತು. ಒಂದೊಂದೇ ಅಕ್ಷರ ಹುಡುಕಿ ಒತ್ತಿ ಉತ್ತರ ಬರೆದ. "ಜೆರೇನಿಯಂ ಕುಂಡದ ಕೆಳಗೇ ಇದೆ ಮಗನೇ. ಇಲ್ಲಿ ಏನೂ ಬದಲಾಗಿಲ್ಲ."

ನಾನೂ ಪಕ್ಕದಲ್ಲೇ ಕೂತಿದ್ದೆ. ಗಟ್ಟಿಯಾಗಿ ಓದಿದವಳು ನಾನು. ಹೃದಯ ಒತ್ತಿದ ಮೊದಲ ಬೆರಳು ನನ್ನದು. ನನ್ನ ಬೆರಳಿಗೆ ಬೆಂಕಿ ಬೀಳ.

ಶನಿವಾರ ಬೆಳಿಗ್ಗೆ ಡೋಂಕಾಳ ಮಂಡಿ ಊದಿತ್ತು. ಅವಳು ಹೇಗಾದರೂ ಬರುತ್ತೇನೆ ಎಂದು ಕಪ್ಪು ಸ್ಕಾರ್ಫು ಕಟ್ಟಿಕೊಂಡು ನಿಂತಿದ್ದಳು. ನಾನೇ ಬೈದು ಕೂರಿಸಿದೆ. ಆ ಗುಡ್ಡ ಹತ್ತಿ ನೀನೂ ಅಲ್ಲೇ ಮಲಗಬೇಕಾ ಎಂದೆ. ನಿನ್ನ ಪಾಲಿನ ಗೋಧಿಯನ್ನು ತಂದುಕೊಡುತ್ತೇನೆ, ಒಲೆಯ ಹತ್ತಿರ ಸುಮ್ಮನೆ ಕೂತಿರು ಎಂದೆ. ರುಮೆನ್ ಹೊರಗಿನಿಂದ ಬಾಗಿಲು ಎಳೆದು ಬೀಗ ಹಾಕಿದ, ಗಾಳಿಗೆ ತೆರೆದುಕೊಳ್ಳದಿರಲಿ ಎಂದು. ಕೀಲಿಕೈ ಎಲ್ಲಿಟ್ಟನೆಂದು ಹೇಳಬೇಕಾಗಿಲ್ಲ.

ನಾವು ಹೋಟೆಲಿನಲ್ಲಿ ಪ್ರೊದಾನ್‌ನ ಹೆಸರಿನಲ್ಲಿ ನೆಲಕ್ಕೆ ಎರಡು ಹನಿ ರಾಕಿಯಾ ಚೆಲ್ಲಿ, ಉಳಿದದ್ದನ್ನು ಕುಡಿದು, ಎರಡನೆಯ ಸಲ ಸೂಪು ಬಡಿಸಿಕೊಳ್ಳುತ್ತಿದ್ದೆವು. ಆ ಹೊತ್ತಿಗೆ ಡೋಂಕಾ ಒಲೆಯ ಮುಂದೆ ಬಿದ್ದಿದ್ದಳು. ಖಾಲಿ ಮನೆ ಎಂದುಕೊಂಡು ಬಂದ ಇಬ್ಬರು, ಕುರ್ಚಿಯಿಂದ ಎದ್ದ ಮುದುಕಿಯನ್ನು ಕಂಡು ನೂಕಿದ್ದರು. ಸೊಂಟದ ಮೂಳೆ ಮುರಿದಿತ್ತು. ಮೂರು ಗಂಟೆಗೆ ನಾನು ಗೋಧಿಯ ಲೋಟ ಹಿಡಿದು ಒಳಗೆ ಕಾಲಿಟ್ಟಾಗ ಅವಳಿಗೆ ಎಚ್ಚರವಿತ್ತು. "ಬಂದ್ಯಾ," ಎಂದಳು. ಅಷ್ಟೇ. ಅವರು ಒಯ್ದದ್ದು ಪ್ರೊದಾನ್‌ನ ಕೈಗಡಿಯಾರ, ಒಂದು ಟಿವಿ, ಎರಡು ಡಬ್ಬ ಜೇನುತುಪ್ಪ. ಜೇನುತುಪ್ಪಕ್ಕಾಗಿ ಒಂದು ಜೀವ!

ತನಿಖೆಗೆ ಬಂದ ಪೊಲೀಸಿನವನು ನಮ್ಮ ಅಡುಗೆಮನೆಯಲ್ಲಿ ಕೂತು ಮಿಂಚೊನ ಪುಟವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ. ಕೀಲಿಕೈಯ ಮಾತು ಬಂದಾಗ ನಿಂತ. ಅದನ್ನು ಗಟ್ಟಿಯಾಗಿ ಓದಿ, ಇದು ನೀವೇ ಬರೆದದ್ದೇ ಎಂದು ಕೇಳಿದ. ಹೌದು ಎಂದ ಮಿಂಚೊ. ಕ್ರಾಸಿಗೆ ಫೋನು ಹೋಯಿತು. ಅವನು ಅಂಥದ್ದೇನೂ ಬರೆದೇ ಇರಲಿಲ್ಲ. ಅವನ ಹೆಸರು, ಅವನ ಮದುವೆಯ ಫೋಟೋ ಕದ್ದು ಯಾರೋ ಬರೆದಿದ್ದರು. ಕೀಲಿಕೈ ಕುಂಡದ ಕೆಳಗಿರುತ್ತದೆಂದು ಅವರಿಗೆ ಹೇಗೆ ಗೊತ್ತು ಎಂದು ನಾನು ಕೇಳಿದೆ. ಈ ದೇಶದ ಮುದುಕಿಯರು ಇನ್ನೆಲ್ಲಿ ಇಡುತ್ತಾರಮ್ಮ ಎಂದ ಪೊಲೀಸಿನವನು. ಅವರು ಸುಮ್ಮನೆ ಕಲ್ಲು ಎಸೆದು ನೋಡಿದ್ದರು, ಇವನು ಹಣ್ಣು ಬಿಡಿಸಿ ಕೈಗಿಟ್ಟಿದ್ದ.

ಮಿಂಚೊ ಆ ಕ್ಷಣವೇ ಎಲ್ಲ ಅಳಿಸಿಬಿಡು ಎಂದು ಸ್ನೆಜಾಗೆ ಹೇಳಿದ. ಪೊಲೀಸಿನವನು ತಲೆಯಲ್ಲಾಡಿಸಿದ.

"ಅಳಿಸಿ, ಬೇಡ ಅನ್ನಲ್ಲ. ಆದ್ರೆ ಎಷ್ಟು ಜನ ಇಳಿಸ್ಕೊಂಡಿದಾರೋ, ಎಲ್ಲೆಲ್ಲಿ ಹಾಕ್ಕೊಂಡಿದಾರೋ. ಗೋಡೆಗೆ ಅಂಟಿಸಿದ್ದನ್ನ ಮಳೆ ತೊಳಿಯುತ್ತೆ ಯಜಮಾನ್ರೇ. ಇದನ್ನ ತೊಳಿಯೋ ಮಳೆ ಇಲ್ಲ."

ಒಳ್ಳೆಯ ಮನುಷ್ಯ, ನೋಯಿಸಲು ಹೇಳಿದ್ದಲ್ಲ. ಆದರೆ ಮಿಂಚೊ ಆಮೇಲೆ ಎರಡು ದಿನ ಊಟ ಮುಟ್ಟಲಿಲ್ಲ. ಕಳ್ಳರು ಇವತ್ತಿಗೂ ಸಿಕ್ಕಿಲ್ಲ.

ಡೋಂಕಾ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದಳು, ಮನೆಗೆ ಬರಲಿಲ್ಲ. ಅವಳು ತೀರಿಕೊಂಡ ಬೆಳಿಗ್ಗೆ ಮಿಂಚೊ ಅಂಗಡಿ ತೆರೆದು, ಕಂಪ್ಯೂಟರಿನ ಮುಂದೆ ಕೂತು, ಅವಳ ಹೆಸರನ್ನು ಜೋಡಿಸಿಟ್ಟಿದ್ದ. ಫೋಟೋ ಕೊಡಲು ರುಮೆನ್ ಬರುತ್ತಾನೆಂದು ಕಾಯುತ್ತಿದ್ದ. ನಾನೂ ಅಲ್ಲಿದ್ದೆ. ರುಮೆನ್ ಬಂದ, ಹೊಸಲು ದಾಟಲಿಲ್ಲ.

"ಅಮ್ಮನ ಚೀಟಿ ನೀವು ಮಾಡ್ಬೇಡಿ ಚಿಕ್ಕಪ್ಪ."

ಮಿಂಚೊ, ಸರಿ, ಪಕ್ಕದ ಊರಿನಲ್ಲಿ ಮಾಡಿಸು, ಅಂಟಿಸುವುದನ್ನಾದರೂ ನಾನು ಮಾಡುತ್ತೇನೆ ಎಂದ.

"ಯಾರೂ ಮಾಡೋದು ಬೇಡ. ನಮ್ಮಮ್ಮ ಯಾವತ್ತು ಸತ್ಲು, ಎಷ್ಟೊತ್ತಿಗೆ ಹೂಳ್ತೀವಿ, ಯಾರಿಗೂ ಗೊತ್ತಾಗೋದು ಬೇಡ. ಗೊತ್ತು ಮಾಡಿದ್ದು ಸಾಕು."

ಹೇಳಿ ತಿರುಗಿ ಹೋದ. ಅವನನ್ನು ತಪ್ಪೆನ್ನುವ ಬಾಯಿ ನನಗಿಲ್ಲ. ನನ್ನ ನೆನಪಿನಲ್ಲಿ ನಮ್ಮ ಊರಿನಲ್ಲಿ ಚೀಟಿಯಿಲ್ಲದೆ ಮಣ್ಣಾದ ಮೊದಲ ಜೀವ ನನ್ನ ಡೋಂಕಾ. ಏಳು ಜನ ಇದ್ದೆವು. ಮಿಂಚೊ ಬೇಲಿಯ ಹೊರಗೆ ನಿಂತಿದ್ದ. ಎರಡು ವಾರವಾದ ಮೇಲೂ ಮೇಲಿನ ಬೀದಿಯ ಹೆಂಗಸೊಬ್ಬಳು ಬ್ರೆಡ್ಡು ಕೊಳ್ಳುತ್ತ, ಡೋಂಕಾಳ ಸೊಂಟ ಈಗ ಹೇಗಿದೆ ಎಂದು ಸ್ನೆಜಾಳನ್ನು ಕೇಳಿದಳಂತೆ.

ಆಮೇಲೆ ಊರಿನ ಬಾಯಿ ತೆರೆಯಿತು. ಅದೇ ಜನ, ಅಜ್ಜನ ಚೀಟಿ ಬೇಗ ಹಾಕು ಮಿಂಚೊ ಅಣ್ಣ, ನಮ್ಮ ಗೇಟು ಚೆನ್ನಾಗಿ ಬರಲಿ ಎಂದು ದುಂಬಾಲು ಬಿದ್ದವರೇ, ಈಗ ಅವನು ಕಳ್ಳರ ಜೊತೆ ಪಾಲುಗಾರ ಎಂದರು. ಹೋಟೆಲಿನಲ್ಲಿ ಒಬ್ಬ, "ಏನು ಮಿಂಚೊ, ಮುಂದಿನ ಕೀಲಿಕೈ ಯಾರ ಮನೇದು?" ಎಂದು ಕೇಳಿ ನಗಿಸಿದ. ಆ ನಗು ಮನೆಯವರೆಗೆ ಬಂತು. ಅಂದಿನಿಂದ ಮಿಂಚೊ ಹೋಟೆಲಿಗೆ ಹೋಗಲಿಲ್ಲ. ಅಂಗಡಿಗೆ ಹೋಗುತ್ತಿದ್ದ, ಸುಮ್ಮನೆ ಕೂರುತ್ತಿದ್ದ. ಇಲ್ಲವಾದರೆ ಚೂರಿ ಹಿಡಿದು ಬೀದಿ ಬೀದಿ ಅಲೆದು ಬಾಗಿಲುಗಳ ಮೇಲಿನ ಹಳೆಯ ಚೀಟಿ ಕೆರೆಯುತ್ತಿದ್ದ. ಬೆರಳ ಸಂದೆಲ್ಲ ಗಾಯ. ಸಾಕು ಮಾಡೋ, ಅವು ನೀನು ಅಳಿಸಬೇಕಾದವಲ್ಲ ಎಂದು ನಾನು ಒಂದು ದಿನ ಕಿರುಚಿದೆ. ಅದೂ ಕೆಟ್ಟ ಮಾತೇ ಆಯಿತು. ಅವನು ಚೂರಿ ತೊಳೆದು ಮೊಳೆಗೆ ತಗುಲಿಸಿದ. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಕುರ್ಚಿಯಲ್ಲೇ ಅವನ ಎದೆಬಡಿತ ನಿಂತಿತ್ತು.

ಅವನ ಮೇಜಿನ ಡ್ರಾಯರಿನಲ್ಲಿ ಒಂದೇ ಒಂದು ಹಾಳೆ ಸಿಕ್ಕಿತು. ಡೋಂಕಾಳ ಹೆಸರು, ಎರಡು ಇಸವಿ, ಮತ್ತೇನಿಲ್ಲ. ಹೊತ್ತಿಲ್ಲ, ಜಾಗವಿಲ್ಲ, ದುಃಖಿತರ ಹೆಸರಿಲ್ಲ. ಅಂಥ ಚೀಟಿಯನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಅವನ ಚೀಟಿಯನ್ನು ನಾನೂ ಹಾಗೆಯೇ ಮಾಡಿಸಿದೆ. ಫೋಟೋ, ಹೆಸರು, ಇಸವಿ. ನಲವತ್ತನೆಯ ದಿನದ್ದೂ ಅಷ್ಟೇ. ನನ್ನ ಕೈಯಾರೆ ಗೇಟು ಒರೆಸಿ, ಹಳೆಯದನ್ನು ಕೆರೆದು ಅಂಟಿಸಿದೆ. ಬೇಕಾದವರಿಗೆ ಹೊತ್ತನ್ನು ಬಾಯಲ್ಲಿ ಹೇಳಿದೆ.

ಬಾಯಲ್ಲಿ ಹೇಳಿದ್ದು ಬಾಯಲ್ಲಿ ಉಳಿಯುತ್ತದೆಯೇ? ಮೊನ್ನೆ ಸ್ನೆಜಾ ಮುಖ ಸಣ್ಣಗೆ ಮಾಡಿಕೊಂಡು ಬಂದು ಮೊಬೈಲು ತೋರಿಸಿದಳು. ವಲೆನ್ಸಿಯಾದವಳು, ಕೈಗೆ ಮುತ್ತಿಡಬೇಕೆಂದಿದ್ದಳಲ್ಲ, ಅವಳೇ ಬರೆದಿದ್ದಳು. ಯಾರೋ ಬಂದು ತೆಗೆದು ಅವಳಿಗೆ ಕಳಿಸಿದ ನಮ್ಮ ಗೇಟಿನ ಫೋಟೋ, ಮನೆ ನಂಬರು ಸಮೇತ. ನಮಗೆ ಊರನ್ನು ಕಾಣಿಸಿದ ಮಿಂಚೊ ಅಣ್ಣನ ನಲವತ್ತು, ಶನಿವಾರ ಹನ್ನೊಂದಕ್ಕೆ ಗೋರಿಯ ಬಳಿ, ಆಮೇಲೆ ಮೂರರವರೆಗೆ ಹೋಟೆಲಿನಲ್ಲಿ ಊಟ, ಊರಲ್ಲಿರುವವರು ಒಬ್ಬರೂ ತಪ್ಪಿಸಬೇಡಿ. ಎರಡು ಸಾವಿರ ಹೃದಯ. ಬದುಕಿದ್ದಾಗ ಬೆನ್ನು ಹಾಕಿದವರೂ ಒತ್ತಿದ್ದರು. ಸ್ನೆಜಾ ಬೇಡಿಕೊಂಡ ಮೇಲೆ ಅವಳು ತೆಗೆದಳು, ಒಳ್ಳೆಯದು ಮಾಡಹೋದರೆ ಹೀಗೆ ಎಂದು ಮುನಿಸಿಕೊಂಡೂ ಬಿಟ್ಟಳು. ಅಷ್ಟರಲ್ಲಿ ಅದು ಎಷ್ಟು ಪುಟಗಳಿಗೆ ಹೋಗಿತ್ತೋ. ಜಾಲತಾಣದವರಿಗೂ ಸ್ನೆಜಾ ಬರೆದಳು. ಇದರಲ್ಲಿ ನಿಯಮ ಮೀರಿದ್ದು ಏನೂ ಕಾಣುವುದಿಲ್ಲ ಎಂದು ಉತ್ತರ ಬಂತು.

ಬೀಗ ಹಾಕಿ ಬಾ ಅಮ್ಮ, ಹೋದರೆ ಟಿವಿ ಹೋಗುತ್ತದೆ ಎಂದಳು ಇವತ್ತು ಬೆಳಿಗ್ಗೆ. ಟಿವಿ ಯಾರಿಗೆ ಬೇಕು? ಅವನ ಚೂರಿ ಇದೆ ಒಳಗೆ, ಮೂವತ್ತು ವರ್ಷದ ಚೀಟಿಗಳ ಕಟ್ಟಿದೆ, ಡೋಂಕಾ ಮತ್ತು ನಾನು ತುಂಬಿದ ಮೆಣಸಿನಕಾಯಿಯ ಕೊನೆಯ ನಾಲ್ಕು ಬಾಟಲಿ ಇವೆ. ಡೋಂಕಾಳನ್ನು ನೂಕಿದ ಕೈಗಳು ಅವನ್ನು ಮುಟ್ಟಕೂಡದು. ನೀನು ಹೋಗು, ಅಪ್ಪನಿಗೆ ಹೇಳು ನಾನು ಕೆಲಸದಲ್ಲಿದ್ದೇನೆ ಎಂದು ಕಳಿಸಿದೆ.

ಸ್ಮಶಾನದ ಗಂಟೆ ಬಾರಿಸಿ ಹತ್ತು ನಿಮಿಷವಾಗಿರಬಹುದು. ಹೊರಗೆ ಒಂದು ಕಾರು ನಿಂತಿತು. ಗೇಟಿನ ಸಂದಿಯಲ್ಲಿ ನೋಡಿದೆ. ಮೂವತ್ತರ ಪ್ರಾಯದ ಗಂಡಸು, ಕಪ್ಪು ಅಂಗಿ, ಕೈಯಲ್ಲಿ ಟ್ಯೂಲಿಪ್ ಹೂವು. ನಮ್ಮ ಊರಿನವನಲ್ಲ. ಗೇಟಿನ ಹಿಡಿಯನ್ನು ಅಲುಗಾಡಿಸಿದ. ನಾನು ಕೊಡಲಿ ಹಿಡಿದು ಎದ್ದೆ.

"ಯಾರದು?"

ಒಳಗೆ ಜನ ಇದ್ದಾರೆಂದು ಅವನು ಎಣಿಸಿರಲಿಲ್ಲ, ಬೆಚ್ಚಿಬಿದ್ದ. ಅಥವಾ ನನ್ನ ಕಣ್ಣಿಗೆ ಹಾಗೆ ಕಂಡಿತು. ತನ್ನ ಅಜ್ಜಿ ಈ ಊರಿನವಳು, ಅವಳ ಚೀಟಿಯನ್ನು ಮಿಂಚೊ ಚಿಕ್ಕಪ್ಪನೇ ಅಂಟಿಸಿದ್ದು, ತಾನು ಜರ್ಮನಿಯಲ್ಲಿದ್ದು ಬರಲಾಗಿರಲಿಲ್ಲ, ಆ ಫೋಟೋದಲ್ಲೇ ಅಜ್ಜಿಯ ಗೇಟು ನೋಡಿದ್ದು ಎಂದ. ಪುಟದಲ್ಲಿ ಓದಿ ಬಂದೆ, ಸ್ಮಶಾನದ ದಾರಿ ತಿಳಿಯಲಿಲ್ಲ ಎಂದ. ಅಜ್ಜಿಯ ಹೆಸರೂ ಹೇಳಿದ, ಸರಿಯಾಗಿಯೇ ಇತ್ತು. ಕ್ರಾಸಿಯ ಹೆಸರೂ ಸರಿಯಾಗಿಯೇ ಇತ್ತು. ನನ್ನ ನಾಲಿಗೆ ನನ್ನನ್ನು ಕೇಳದೆ ಮಾತಾಡಿತು.

"ನಮ್ಮನೆಯವರು ಒಳಗೆ ಮಲಗಿದಾರೆ. ಎದ್ದ ಮೇಲೆ ಬನ್ನಿ."

ಅವನಿಗೂ ನನಗೂ ನಡುವೆ ಗೇಟು, ಗೇಟಿನ ಆಚೆ ಬದಿಯಲ್ಲಿ ನಾನೇ ಅಂಟಿಸಿದ ಚೀಟಿ. ಮಿಂಚೊನ ಮುಖ, ಹೆಸರು, ಎರಡು ಇಸವಿ. ಅವನು ಅದನ್ನು ನೋಡಿದ. ಸುಮಾರು ಹೊತ್ತು ನೋಡಿದ.

"ಮಲಗ್ಲಿ ಬಿಡಿ ಚಿಕ್ಕಮ್ಮ," ಎಂದ. "ಎಬ್ಬಿಸ್ಬೇಡಿ."

ಬಗ್ಗಿ ಹೂವನ್ನು ಗೇಟಿನ ಬುಡದಲ್ಲಿಟ್ಟ. ಕಾರು ಹೋಯಿತು. ಗುಡ್ಡದ ಕಡೆಗೆ ಹೋಯಿತೋ, ಹೆದ್ದಾರಿಯ ಕಡೆಗೋ, ಇಲ್ಲಿಂದ ಕಾಣುವುದಿಲ್ಲ. ನಾನು ನೆಲಕ್ಕೆ ಕೂತು ಗೇಟಿನ ಕೆಳಗಿನ ಸಂದಿಯಲ್ಲಿ ಹೂವು ಎಣಿಸಿದೆ. ಆರು. ಮತ್ತೆ ಎಣಿಸಿದೆ, ಆರೇ. ಜೋಡಿ ಲೆಕ್ಕ, ಸತ್ತವರಿಗೆ ತರುವುದು. ಆ ಲೆಕ್ಕ ಕಳ್ಳನಿಗೂ ಗೊತ್ತಿರುತ್ತದೆ, ಅವನೂ ಇದೇ ದೇಶದಲ್ಲಿ ಹುಟ್ಟಿದವನು.

ಹೂವು ಅಲ್ಲೇ ಇದೆ, ಬಿಸಿಲಿಗೆ ಬಾಡುತ್ತಿದೆ. ಒಳಗೆ ತರಬೇಕಾದರೆ ಅಗುಳಿ ತೆಗೆಯಬೇಕು. ಮೂರು ಗಂಟೆಗೆ ಸ್ನೆಜಾ ಬರಲಿ, ಆಗ ತೆಗೆಯುತ್ತೇನೆ.